ಎಕ್ಸ್‌ರೇ ರೂಮಿನಲ್ಲಿ ಟ್ಯೂಬ್ ಇರುತ್ತದೆ, ಸಿಡಿದ ನಕ್ಷತ್ರದೊಳಗೆ ಏನಿದೆ?

ಡಾರ್ಕ್‌ರೂಮ್ ದಾವಣಗೆರೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಒಂದು ಡಯಾಗ್ನೋಸ್ಟಿಕ್ ಸೆಂಟರಿನಲ್ಲಿ ನಾನು ಎಕ್ಸ್‌ರೇ ಟೆಕ್ನೀಷಿಯನ್. ಆಕಾಶದ ವಿಷಯ ಓದಿದವನಲ್ಲ. ಆದರೆ ಎಕ್ಸ್‌ರೇ ನನ್ನ ಹೊಟ್ಟೆಪಾಡು, ಅದಕ್ಕೇ ಈ ಪ್ರಶ್ನೆ ತಲೆಯಿಂದ ಇಳೀತಾ ಇಲ್ಲ.

ಮಗಳು ಪಿಯುಸಿ. ಮೊನ್ನೆ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದಳು. ಕ್ಯಾಸಿಯೋಪಿಯ ಎ ಅಂತ, ಸಿಡಿದ ನಕ್ಷತ್ರದ ಅವಶೇಷ. ಕೆಂಪು, ಹಳದಿ, ಹಸಿರು, ನೇರಳೆ ಎಳೆಗಳು ಹೆಣೆದುಕೊಂಡ ಒಂದು ಉಂಡೆ, ಸುತ್ತ ತೆಳ್ಳನೆಯ ನೀಲಿ ಅಂಚು. ಚಂದ್ರ ಎನ್ನುವ ಎಕ್ಸ್‌ರೇ ದೂರದರ್ಶಕ ತೆಗೆದದ್ದು ಅಂತ ಕೆಳಗೆ ಬರೆದಿತ್ತು. "ಅಪ್ಪಾ, ನಿಮ್ಮ ಮಿಷನ್ ಥರಾನೇ ಅಲ್ವಾ?" ಅಂದಳು. ಹೌದು ಅನ್ನೋಕೂ ಆಗಲಿಲ್ಲ, ಅಲ್ಲ ಅನ್ನೋಕೂ ಆಗಲಿಲ್ಲ.

ನಮ್ಮಲ್ಲಿ ಹೇಗೆ ತೆಗೆಯುತ್ತೇವೆ ಅಂತ ಮೊದಲು ಹೇಳಿಬಿಡುತ್ತೇನೆ. ಗಾಡಿಯಿಂದ ಬಿದ್ದು ಕೈ ಮುರಿದುಕೊಂಡವರು ಬರುತ್ತಾರೆ ಅನ್ನಿ. ಕೈಯನ್ನು ಕ್ಯಾಸೆಟ್ (ಕಿರಣ ಹಿಡಿಯುವ ಪ್ಲೇಟ್) ಮೇಲೆ ಇಡಿಸಿ, ಮೇಲಿನ ಲೈಟ್ ಹಾಕಿ ಚೌಕ ಹೊಂದಿಸುತ್ತೇನೆ. 52 ಕೆ.ವಿ. (ಟ್ಯೂಬಿಗೆ ಕೊಡುವ ಕಿಲೋವೋಲ್ಟ್) ಇಟ್ಟು ಸೀಸದ ಗಾಜಿನ ಹಿಂದೆ ಬಂದು ಬಟನ್ ಅರ್ಧ ಒತ್ತುತ್ತೇನೆ. ಟ್ಯೂಬಿನೊಳಗೆ ಆನೋಡ್, ಅಂದರೆ ಎಲೆಕ್ಟ್ರಾನ್ ಬಂದು ಬಡಿಯುವ ಲೋಹದ ಬಿಲ್ಲೆ, ತಿರುಗುವ ಗುಂಯ್ ಸದ್ದು. ಪೂರ್ತಿ ಒತ್ತಿದರೆ ಟಿಕ್, ಮುಗೀತು. ಟ್ಯೂಬಿನಿಂದ ಹೊರಟ ಕಿರಣ ಕೈ ದಾಟಿ ಕ್ಯಾಸೆಟ್ ಮೇಲೆ ಬೀಳುತ್ತದೆ. ಮೂಳೆಯ ಕ್ಯಾಲ್ಸಿಯಂ ತಡೆದ ಕಡೆ ಬೆಳ್ಳಗೆ, ಮಾಂಸ ಇದ್ದ ಕಡೆ ಕಪ್ಪಗೆ. ನಾವು ತೆಗೆಯುವುದು ನೆರಳು, ಅಷ್ಟೇ. ಈ ಕಡೆ ಟ್ಯೂಬ್, ನಡುವೆ ಪೇಷಂಟ್, ಆ ಕಡೆ ಕ್ಯಾಸೆಟ್. ಒಂದು ಇಲ್ಲದಿದ್ದರೂ ಫೋಟೋ ಇಲ್ಲ.

ಈಗ ಕ್ಯಾಸ್ ಎ ವಿಷಯಕ್ಕೆ ಬನ್ನಿ. ಕ್ಯಾಸೆಟ್ ನಮ್ಮ ಕಡೆ ಇದೆ, ಒಪ್ಪಿದೆ. ಟ್ಯೂಬ್ ಎಲ್ಲಿದೆ? ಆ ಕಡೆ ನಿಂತು ಬಟನ್ ಒತ್ತುವವನು ಯಾರು? ಬಿಸಿ ಅನಿಲವೇ ಎಕ್ಸ್‌ರೇ ಬಿಡುತ್ತದೆ ಅಂತ ಆ ಪುಟದಲ್ಲಿ ಇತ್ತು. ಬಿಸಿ ಆದರೆ ಎಕ್ಸ್‌ರೇ ಬರುತ್ತಾ? ನಮ್ಮ ಟ್ಯೂಬಿಗೆ ಕೊಡುವ ಕರೆಂಟಿನಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಬಿಸಿಯಾಗಿಯೇ ಹೋಗುತ್ತದೆ. ಆ ಬಿಸಿಯಿಂದ ಎಕ್ಸ್‌ರೇ ಬಂದಿದ್ದು ನಾನು ಕಂಡಿಲ್ಲ. ಕೆ.ವಿ. ಕೊಟ್ಟರೆ ಮಾತ್ರ ಬರುವುದು.

ಜೊತೆಗೆ ಇನ್ನೆರಡು. ಸಿಡಿದು ಮುನ್ನೂರೈವತ್ತು ವರ್ಷ ಆಯಿತಂತೆ, ಇನ್ನೂ ಯಾಕೆ ಆರಿಲ್ಲ? ಮತ್ತೆ ಎಕ್ಸ್‌ಪೋಷರ್ ಎಷ್ಟು ಕೊಡುತ್ತಾರೆ? 'ನಾವೆಲ್ಲ ನಕ್ಷತ್ರದ ಧೂಳು' ಅಂತ ಶುರು ಮಾಡಬೇಡಿ ಮಾರಾಯ್ರೆ, ಅದು ಸ್ಟೇಟಸ್‌ನಲ್ಲಿ ಬೇಕಾದಷ್ಟು ಬರ್ತಾ ಇದೆ. ಕೆಲಸ ಹೇಗೆ ನಡೆಯುತ್ತದೆ ಅಂತ ಯಾರಾದರೂ ಹೇಳಿ.


ಕೋಟೆ ಮೇಷ್ಟ್ರು

ಡಾರ್ಕ್‌ರೂಮ್ ಅವರೇ, ಚಿತ್ರದುರ್ಗದಲ್ಲಿ ಡಿಗ್ರಿ ಹುಡುಗರಿಗೆ ಭೌತಶಾಸ್ತ್ರ ಹೇಳಿ ನಿವೃತ್ತನಾದವನು ನಾನು. ಇಷ್ಟು ಖಚಿತವಾಗಿ ಕೇಳುವ ವಿದ್ಯಾರ್ಥಿ ಸಿಕ್ಕಿದ್ದು ಕಡಿಮೆ. ಉತ್ತರ ನಿಮ್ಮ ಟ್ಯೂಬಿನೊಳಗೇ ಇದೆ.

ಟ್ಯೂಬಿನಲ್ಲಿ ನಡೆಯುವುದು ಎರಡು ಕೆಲಸ. ಫಿಲಮೆಂಟಿನಿಂದ ಹೊರಟ ಎಲೆಕ್ಟ್ರಾನ್ ಟಂಗ್‌ಸ್ಟನ್ ಪರಮಾಣುವಿನ ನ್ಯೂಕ್ಲಿಯಸ್ ಪಕ್ಕ ಹಾಯುವಾಗ ಅದರ ಸೆಳೆತಕ್ಕೆ ಬಾಗುತ್ತದೆ, ವೇಗ ಕಳೆದುಕೊಳ್ಳುತ್ತದೆ. ಕಳೆದ ಶಕ್ತಿ ಎಕ್ಸ್‌ರೇ ಆಗಿ ಹೊರಬರುತ್ತದೆ. ಇದರಲ್ಲಿ ಎಲ್ಲಾ ಶಕ್ತಿಯ ಕಿರಣಗಳೂ ಬೆರೆತಿರುತ್ತವೆ. ಇನ್ನೊಂದು, ಎಲೆಕ್ಟ್ರಾನ್ ಟಂಗ್‌ಸ್ಟನ್‌ನ ಒಳಮನೆಯ ಎಲೆಕ್ಟ್ರಾನನ್ನೇ ಹೊಡೆದು ಹಾರಿಸುತ್ತದೆ. ಖಾಲಿ ಜಾಗಕ್ಕೆ ಮೇಲಿನದು ಇಳಿಯುವಾಗ ಟಂಗ್‌ಸ್ಟನ್‌ಗೇ ಮೀಸಲಾದ ಒಂದು ಶಕ್ತಿಯ ಕಿರಣ ಬರುತ್ತದೆ, ಸುಮಾರು 59 ಕೆಇವಿ (ಸಾವಿರ ಎಲೆಕ್ಟ್ರಾನ್ ವೋಲ್ಟ್, ಕಿರಣದ ಶಕ್ತಿಯ ಅಳತೆ). ಇದನ್ನೇ ಆ ಧಾತುವಿನ ಗೆರೆ ಅನ್ನುವುದು. ನಿಮ್ಮ 52 ಕೆ.ವಿ.ಗೆ ಅದು ಏಳುವುದೇ ಇಲ್ಲ, 69.5 ದಾಟಬೇಕು. ಮ್ಯಾಮೋಗ್ರಫಿ ಮಿಷನ್ನಿನಲ್ಲಿ ಮಾಲಿಬ್ಡಿನಂ ಆನೋಡ್ ಇರುತ್ತದಲ್ಲ, ಅದರ ಗೆರೆಗಳು 17.5 ಮತ್ತು 19.6ರಲ್ಲಿ. ಲೋಹ ಬದಲಾದರೆ ಗೆರೆಯೂ ಬದಲು.

ಇದೇ ಎರಡು ಕೆಲಸ ಕ್ಯಾಸ್ ಎ ಒಳಗೂ ನಡೆಯುತ್ತಿದೆ. ಅಲ್ಲಿ ಆನೋಡ್ ಇಲ್ಲ, ಗಾಜಿನ ಬುರುಡೆ ಇಲ್ಲ. ಅನಿಲ ಎಷ್ಟು ಬಿಸಿಯಾಗಿದೆ ಎಂದರೆ ಪರಮಾಣುಗಳ ಎಲೆಕ್ಟ್ರಾನುಗಳು ಕಳಚಿ ಬಿದ್ದು ದಿಕ್ಕಾಪಾಲಾಗಿ ಓಡುತ್ತಿವೆ. ಓಡುವ ಎಲೆಕ್ಟ್ರಾನ್ ಒಂದು ಅಯಾನಿನ (ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣುವಿನ) ಪಕ್ಕ ಬಾಗಿದರೆ ಮೊದಲನೇ ಥರದ ಕಿರಣ. ಅಯಾನಿನಲ್ಲಿ ಉಳಿದ ಎಲೆಕ್ಟ್ರಾನಿಗೆ ಡಿಕ್ಕಿ ಹೊಡೆದು ಮೇಲಕ್ಕೆ ಎತ್ತಿದರೆ, ಅದು ಮತ್ತೆ ಕೆಳಗೆ ಬೀಳುವಾಗ ಆ ಧಾತುವಿನ ಗೆರೆ. ನಿಮ್ಮಲ್ಲಿ ಕೆ.ವಿ. ಮಾಡುವ ಕೆಲಸವನ್ನು ಅಲ್ಲಿ ಬಿಸಿ ಮಾಡುತ್ತದೆ.

ಹಾಗಾದರೆ ನಿಮ್ಮ ಆನೋಡಿನ ಬಿಸಿ ಯಾಕೆ ಸಾಲಲ್ಲ? ಲೆಕ್ಕ ನೋಡಿ. ಅದು ಎರಡು ಸಾವಿರ ಡಿಗ್ರಿ ಕಾದರೂ ಒಂದೊಂದು ಕಣದ ಪಾಲಿಗೆ ಬರುವುದು ಕಾಲು ಎಲೆಕ್ಟ್ರಾನ್ ವೋಲ್ಟಿನಷ್ಟು. ಒಂದು ಕೆಇವಿ ಬೇಕೆಂದರೆ ಸುಮಾರು 1 ಕೋಟಿ 16 ಲಕ್ಷ ಡಿಗ್ರಿ ಕಾಯಬೇಕು. ಕ್ಯಾಸ್ ಎ ಅಷ್ಟು ಕಾದಿದೆ, ಅದಕ್ಕಿಂತ ಜಾಸ್ತಿಯೂ ಕಾದಿದೆ. ಹಾಗಾಗಿ ಅಲ್ಲಿ ಪೇಷಂಟೇ ಟ್ಯೂಬ್. ಹಿಂದೆ ನಿಂತು ಬಟನ್ ಒತ್ತುವವರು ಯಾರೂ ಇಲ್ಲ, ನೆರಳೂ ಇಲ್ಲ.

ಯಾರು ಕಾಯಿಸಿದರು ಎನ್ನುತ್ತೀರಿ. ನಕ್ಷತ್ರ ಸಿಡಿದಾಗ ಅದರ ಹೊರಪದರಗಳು ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ಹೊರಗೆ ನುಗ್ಗುತ್ತವೆ. ಸುತ್ತಲಿನ ತೆಳು ಅನಿಲಕ್ಕೆ ದಾರಿ ಬಿಡಲು ಸಮಯವೇ ಸಿಗುವುದಿಲ್ಲ. ಆಗ ಆಘಾತ ತರಂಗ ಹುಟ್ಟುತ್ತದೆ, ಓಟದ ಶಕ್ತಿ ಒಮ್ಮೆಲೇ ಬಿಸಿಯಾಗುತ್ತದೆ. ಸೆಕೆಂಡಿಗೆ 1000 ಕಿ.ಮೀ. ವೇಗದ ಆಘಾತ ಅನಿಲವನ್ನು ಸುಮಾರು 1 ಕೋಟಿ 40 ಲಕ್ಷ ಡಿಗ್ರಿಗೆ ಒಯ್ಯುತ್ತದೆ. ವೇಗ ಎರಡರಷ್ಟಾದರೆ ಬಿಸಿ ನಾಲ್ಕರಷ್ಟು. ಕ್ಯಾಸ್ ಎ ಹೊರ ಅಂಚು ಈಗಲೂ ಸೆಕೆಂಡಿಗೆ ಸುಮಾರು 5000 ಕಿ.ಮೀ. ಹೋಗುತ್ತಿದೆ. ಭಾರದ ಅಯಾನುಗಳು ಮೊದಲು ಕಾಯುತ್ತವೆ, ಎಲೆಕ್ಟ್ರಾನುಗಳು ನಿಧಾನವಾಗಿ ಅವುಗಳಿಂದ ಬಿಸಿ ಪಡೆಯುತ್ತವೆ ಎನ್ನುವುದನ್ನೂ ನೆನಪಿಡಿ.

ಇನ್ನೂ ಯಾಕೆ ಆರಿಲ್ಲ? ಅನಿಲ ಬಹಳ ವಿರಳ. ಕಣ ಕಣಕ್ಕೆ ಡಿಕ್ಕಿಯಾದರೆ ತಾನೆ ಕಿರಣ ಬಂದು ಬಿಸಿ ಖರ್ಚಾಗುವುದು? ಡಿಕ್ಕಿಗಳೇ ಅಪರೂಪ. ಕಿರಣ ಬಿಟ್ಟು ಬಿಟ್ಟು ಆರಬೇಕೆಂದರೆ ಹತ್ತಾರು ಸಾವಿರ ವರ್ಷ ಬೇಕು. ನಿಮ್ಮೂರಿನ ಮಂಡಕ್ಕಿ ಭಟ್ಟಿಯ ಮುಂದೆ ನಿಂತವರಿಗೆ ಇದು ಸುಲಭವಾಗಿ ತಿಳಿಯಬೇಕು. ಒಲೆಯಿಂದ ಹಾರಿದ ಕಿಡಿ ಬಾಣಲೆಯ ಮರಳಿಗಿಂತ ಬಿಸಿ, ಆದರೆ ಕೈ ಮೇಲೆ ಬಿದ್ದರೆ ಸುರ್ ಅಂದು ಹೋಗುತ್ತದೆ. ಆ ಮರಳಿಗೆ ಕೈ ಹಾಕಿದರೆ ಆಸ್ಪತ್ರೆಯೇ ಗತಿ. ಡಿಗ್ರಿ ಬೇರೆ, ಒಟ್ಟು ಬಿಸಿ ಬೇರೆ.


ಪಿಬಿ ರೋಡ್ ಪುಂಡ

ಇದೆಲ್ಲ ಕಂಪ್ಯೂಟರಿನಲ್ಲಿ ಕೂತು ಬಣ್ಣ ಬಳಿಯುವ ಕೆಲಸ ಸಾರ್. ಎಕ್ಸ್‌ರೇಗೆ ಕೆಂಪು ಹಸಿರು ಎಲ್ಲಿಂದ ಬಂತು? ಇನ್ನು ಮೇಲಿಂದ ಅಷ್ಟು ಎಕ್ಸ್‌ರೇ ಸುರೀತಾ ಇದ್ದರೆ ನಾವೆಲ್ಲ ಸೀಸದ ಏಪ್ರನ್ ಹಾಕ್ಕೊಂಡು ಬೆಣ್ಣೆದೋಸೆ ತಿನ್ನೋಕೆ ಹೋಗಬೇಕಿತ್ತು.


ಡಾರ್ಕ್‌ರೂಮ್ ದಾವಣಗೆರೆ

ಮೇಷ್ಟ್ರೇ, ಪೇಷಂಟೇ ಟ್ಯೂಬ್ ಅಂದ ಮಾತು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಈಗ ಕ್ಲಿಯರ್ ಆಯಿತು. ಗೆರೆಯ ವಿಷಯ ಡಿಪ್ಲೊಮಾದಲ್ಲಿ ಓದಿದ್ದೆ, ಪರೀಕ್ಷೆಗೆ ಬರೆದು ಬಿಟ್ಟಿದ್ದೆ.

ಪುಂಡರೇ, ಬಣ್ಣದ ವಿಷಯಕ್ಕೆ ನಾನೇ ಉತ್ತರ ಕೊಡುತ್ತೇನೆ. ಸಿ.ಟಿ. ರೂಮಿಗೆ ಬನ್ನಿ. ಒಂದೇ ಸ್ಕ್ಯಾನ್. ಲಂಗ್ ವಿಂಡೋ ಹಾಕಿದರೆ ಶ್ವಾಸಕೋಶದ ಸಣ್ಣ ಸಣ್ಣ ನಾಳ ಕಾಣುತ್ತದೆ, ಬೋನ್ ವಿಂಡೋ ಹಾಕಿದರೆ ಅದೆಲ್ಲ ಮಾಯ, ಮೂಳೆ ಮಾತ್ರ. ಡಾಕ್ಟರು ಅದನ್ನು ಮೋಸ ಅನ್ನಲ್ಲ. ಅಳೆದ ನಂಬರಿಗೆ ಕಣ್ಣಿಗೆ ಕಾಣುವ ಬಣ್ಣ ಕೊಡುವುದು ನಮ್ಮಲ್ಲೂ ಇದೆ. ನಂಬರ್ ಸುಳ್ಳಾದರೆ ಮಾತ್ರ ಮೋಸ.

ಏಪ್ರನ್ ವಿಷಯ. ನಮ್ಮ ಟ್ಯೂಬಿನ ಬಾಯಿಗೆ ಅಲ್ಯೂಮಿನಿಯಂ ಫಿಲ್ಟರ್ ಇರುತ್ತದೆ, ಒಟ್ಟು 2.5 ಮಿಲಿಮೀಟರಿನಷ್ಟು. ಕಡಿಮೆ ಶಕ್ತಿಯ ಕಿರಣ ಪೇಷಂಟಿನ ಚರ್ಮದಲ್ಲೇ ನಿಂತುಬಿಡುತ್ತದೆ, ಫಿಲ್ಮಿಗೆ ಬರಲ್ಲ, ಸುಮ್ನೆ ಡೋಸ್. ಅದಕ್ಕೇ ಸೋಸಿ ಬಿಸಾಕುತ್ತೇವೆ. ಮೇಷ್ಟ್ರು ಹೇಳಿದ ಒಂದೆರಡು ಕೆಇವಿ ಅಂದರೆ ನಾವು ಬಿಸಾಕುವ ಮಾಲು! ನನ್ನ ಟಿಎಲ್‌ಡಿ ಬ್ಯಾಡ್ಜಿನಲ್ಲಿ (ಮೈಗೆ ಬಿದ್ದ ಕಿರಣ ಅಳೆಯುವುದು) ಕ್ಯಾಸ್ ಎ ಲೆಕ್ಕ ಇವತ್ತಿನವರೆಗೂ ಬಂದಿಲ್ಲ, ನೀವು ದೋಸೆ ತಿನ್ನಿ.

ಆದರೆ ಈಗ ಬೇರೆ ಗೊಂದಲ. ಎಕ್ಸ್‌ರೇಯನ್ನು ಲೆನ್ಸ್ ಹಾಕಿ ಬಾಗಿಸೋಕೆ ಆಗಲ್ಲ. ನಮ್ಮ ಕಾಲಿಮೇಟರಿನಲ್ಲಿ (ಟ್ಯೂಬಿನ ಬಾಯಿಯಲ್ಲಿ ಚೌಕ ಹೊಂದಿಸುವ ಡಬ್ಬಿ) ಇರುವ ಕನ್ನಡಿ ಬರೀ ಲೈಟಿಗೆ, ಎಕ್ಸ್‌ರೇ ಅದನ್ನು ತೂರಿಕೊಂಡು ಹೋಗುತ್ತದೆ. ಹಾಗಿದ್ದಮೇಲೆ ದೂರದರ್ಶಕ ಹೇಗೆ? ಮತ್ತೆ ನಮ್ಮ ಕ್ಯಾಸೆಟ್‌ಗೆ ಎಷ್ಟು ಕಿರಣ ಬಿತ್ತು ಅಂತ ಗೊತ್ತಾಗುತ್ತದೆ, ಯಾವ ಕಿರಣಕ್ಕೆ ಎಷ್ಟು ಶಕ್ತಿ ಅಂತ ಗೊತ್ತಾಗಲ್ಲ. ಅವರಿಗೆ ಹೇಗೆ ಗೊತ್ತಾಗುತ್ತದೆ?


ಚಳ್ಳಕೆರೆ ಹುಡುಗಿ

ಅಣ್ಣಾ, ನಾನು ಚಳ್ಳಕೆರೆಯವಳು, ಈಗ ಬೆಂಗಳೂರಿನಲ್ಲಿ ಪಿಎಚ್‌ಡಿ. ನನ್ನ ಕೆಲಸ ಇದೇ ಅವಶೇಷಗಳ ಮೇಲೆ. ನೀವು ಬಿಸಾಕುವ ಮಾಲಿನ ಮೇಲೆ ನನ್ನ ಥೀಸಿಸ್ ನಿಂತಿದೆ.

ಮೊದಲು ಗಾಳಿ. ಒಂದು ಕೆಇವಿ ಎಕ್ಸ್‌ರೇ ನೆಲದ ಮಟ್ಟದ ಗಾಳಿಯಲ್ಲಿ ಕೆಲವೇ ಮಿಲಿಮೀಟರಿಗೆ ಸತ್ತುಹೋಗುತ್ತದೆ. ಎರಡು ಕೆಇವಿಯದು ಒಂದೆರಡು ಸೆಂಟಿಮೀಟರ್. ನಮ್ಮ ತಲೆ ಮೇಲಿನ ಗಾಳಿಯ ತೂಕ ಹತ್ತು ಮೀಟರ್ ಆಳದ ನೀರಿಗೆ ಸಮ. ಹಾಗಾಗಿ ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟದ ಮೇಲೆ ಎಷ್ಟೇ ದೊಡ್ಡ ಎಕ್ಸ್‌ರೇ ದೂರದರ್ಶಕ ಇಟ್ಟರೂ ಏನೂ ಕಾಣಲ್ಲ. 1962ರ ಜೂನಿನಲ್ಲಿ ರಿಕಾರ್ಡೊ ಜಿಯಾಕೋನಿ ತಂಡ ರಾಕೆಟ್ಟಿನಲ್ಲಿ ಎಣಿಕೆ ಯಂತ್ರ ಕಳಿಸಿದ ಮೇಲೆಯೇ ಸೌರವ್ಯೂಹದ ಆಚೆಯಿಂದ ಎಕ್ಸ್‌ರೇ ಬರುತ್ತದೆ ಅಂತ ಗೊತ್ತಾಗಿದ್ದು. 2002ರಲ್ಲಿ ಅವರಿಗೆ ನೊಬೆಲ್ ಬಂತು.

ಕನ್ನಡಿ ವಿಷಯ. ನೇರ ಬಿದ್ದರೆ ಎಕ್ಸ್‌ರೇ ಒಳಗೆ ತೂರುತ್ತದೆ, ನಿಜ. ಆದರೆ ನುಣುಪಾದ ಲೋಹದ ಮೇಲೆ ಬಹಳ ಓರೆಯಾಗಿ, ಒಂದು ಡಿಗ್ರಿಗೂ ಕಡಿಮೆ ಕೋನದಲ್ಲಿ ಸವರಿಕೊಂಡು ಬಂದರೆ ಪ್ರತಿಫಲಿಸುತ್ತದೆ. ಅದಕ್ಕೇ ಚಂದ್ರದ ಕನ್ನಡಿ ತಟ್ಟೆಯಂತಿಲ್ಲ. ಎರಡೂ ಬಾಯಿ ತೆರೆದ ಪೀಪಾಯಿಯ ಆಕಾರ, ಒಂದರೊಳಗೆ ಒಂದು ಕೂರಿಸಿದ ನಾಲ್ಕು ಜೋಡಿ, ಒಳಮೈಗೆ ಇರಿಡಿಯಂ ಲೇಪ, ಹೊರಗಿನದರ ಅಗಲ 1.2 ಮೀಟರ್. ಕಿರಣ ಒಳಗೋಡೆಗೆ ಎರಡು ಸಲ ಸವರಿ ಹತ್ತು ಮೀಟರ್ ದೂರದ ಡಿಟೆಕ್ಟರ್ ಮೇಲೆ ಕೂಡುತ್ತದೆ. ನಮ್ಮ ಭಾರತದ ಉಪಗ್ರಹ ಆಸ್ಟ್ರೋಸ್ಯಾಟ್‌ನ ಮೃದು ಎಕ್ಸ್‌ರೇ ದೂರದರ್ಶಕದಲ್ಲಿ ಬೇರೆ ದಾರಿ ಹಿಡಿದರು. ಚಿನ್ನ ಲೇಪಿಸಿದ ತೆಳು ಹಾಳೆಗಳ 40 ಸುತ್ತು, ದೂರ ಎರಡೇ ಮೀಟರ್. ಚಿತ್ರ ಚಂದ್ರದಷ್ಟು ಚೂಪಾಗಿ ಬರಲ್ಲ, ಆದರೆ ತೂಕ ಮತ್ತು ಖರ್ಚು ಎಷ್ಟೋ ಕಡಿಮೆ.

ಶಕ್ತಿ ಅಳೆಯುವುದು ನನಗೆ ಎಲ್ಲಕ್ಕಿಂತ ಇಷ್ಟದ ಭಾಗ. ನಿಮ್ಮ ಕ್ಯಾಸೆಟ್ ಮೇಲೆ ಒಂದು ಟಿಕ್‌ಗೆ ಕೋಟಿ ಕೋಟಿ ಫೋಟಾನ್ (ಕಿರಣದ ಒಂದೊಂದು ಕಣ) ಸುರಿಯುತ್ತವೆ, ಎಣಿಸುವ ಮಾತೇ ಇಲ್ಲ. ಆಕಾಶದಿಂದ ಬರುವುದು ಒಂದೊಂದೇ. ಚಂದ್ರದ ಸಿಸಿಡಿ, ಅಂದರೆ ಕ್ಯಾಮೆರಾ ಚಿಪ್, ಸಾಮಾನ್ಯವಾಗಿ 3.2 ಸೆಕೆಂಡಿಗೊಮ್ಮೆ ತನ್ನನ್ನು ಓದಿಕೊಳ್ಳುತ್ತದೆ. ಅಷ್ಟರಲ್ಲಿ ಒಂದು ಪಿಕ್ಸೆಲಿಗೆ ಒಂದಕ್ಕಿಂತ ಜಾಸ್ತಿ ಬೀಳಬಾರದು ಅನ್ನುವುದೇ ಲೆಕ್ಕ. ಬಿದ್ದ ಫೋಟಾನ್ ಸಿಲಿಕಾನ್ ಚಿಪ್ಪಿನಲ್ಲಿ ಸುಮಾರು 3.65 ಎಲೆಕ್ಟ್ರಾನ್ ವೋಲ್ಟಿಗೆ ಒಂದರಂತೆ ಎಲೆಕ್ಟ್ರಾನ್ ಬಿಡಿಸುತ್ತದೆ. ಐನೂರ ಚಿಲ್ಲರೆ ಎಲೆಕ್ಟ್ರಾನ್ ಸಿಕ್ಕಿದರೆ 1.86 ಕೆಇವಿ, ಅಂದರೆ ಸಿಲಿಕಾನ್ ಗೆರೆ. 1800ರ ಹತ್ತಿರ ಸಿಕ್ಕಿದರೆ ಕಬ್ಬಿಣ. ಗಂಧಕ 2.45ರ ಹತ್ತಿರ, ಆರ್ಗಾನ್ 3.1, ನಿಮ್ಮ ಮೂಳೆಯ ಕ್ಯಾಲ್ಸಿಯಂ 3.9. ಪುಂಡಣ್ಣನ ಬಣ್ಣ ಇದೇ. ಆ ಚಿತ್ರದಲ್ಲಿ ಕೆಂಪು ಸಿಲಿಕಾನ್, ಹಳದಿ ಗಂಧಕ, ಹಸಿರು ಕ್ಯಾಲ್ಸಿಯಂ, ನೇರಳೆ ಕಬ್ಬಿಣ.

ಗೆರೆ ಎಲ್ಲಿದೆ ಅನ್ನುವುದರ ಜೊತೆಗೆ ಎಷ್ಟು ಸರಿದಿದೆ ಅನ್ನುವುದೂ ಕಥೆ ಹೇಳುತ್ತದೆ. ತಣ್ಣಗಿನ ಕಬ್ಬಿಣದ ಗೆರೆ 6.4 ಕೆಇವಿ. ಅದರ 26 ಎಲೆಕ್ಟ್ರಾನಿನಲ್ಲಿ 24 ಕಳಚಿದರೆ ಗೆರೆ 6.7ಕ್ಕೆ ಏರುತ್ತದೆ, ಯಾಕಂದರೆ ಉಳಿದ ಎರಡು ಇನ್ನೂ ಬಿಗಿಯಾಗಿ ಅಂಟಿರುತ್ತವೆ. ವಿರಳ ಅನಿಲದಲ್ಲಿ ಒಂದೊಂದು ಎಲೆಕ್ಟ್ರಾನ್ ಕಳಚಲೂ ಸಮಯ ಹಿಡಿಯುತ್ತದೆ. ಕ್ಯಾಸ್ ಎ ಕಬ್ಬಿಣ 6.6ರ ಆಸುಪಾಸು ಇದೆ. ಟೈಕೋ ಎನ್ನುವ ಇನ್ನೊಂದು ಅವಶೇಷದ ಕಬ್ಬಿಣ 6.4ರ ಪಕ್ಕದಲ್ಲೇ ನಿಂತಿದೆ. ಅಂದರೆ ಟೈಕೋ ಕಬ್ಬಿಣಕ್ಕೆ ಪೆಟ್ಟು ಬಿದ್ದು ಜಾಸ್ತಿ ಕಾಲ ಆಗಿಲ್ಲ, ಇನ್ನೂ ಬಟ್ಟೆ ಕಳಚುತ್ತಾ ಇದೆ.

ಪೆಟ್ಟು ಅಂದೆನಲ್ಲ, ಮೇಷ್ಟ್ರು ಹೇಳಿದ ಹೊರಗಿನ ಆಘಾತದ ಜೊತೆ ಇನ್ನೊಂದು ಇದೆ. ಹೊರಗಿನ ಅನಿಲ ಎದುರು ತಳ್ಳಿದಾಗ ಮುಂದಿನ ಸಾಲು ನಿಧಾನವಾಗುತ್ತದೆ. ಹಿಂದಿನಿಂದ ಬರುವ ನಕ್ಷತ್ರದ ಚೂರುಗಳು ಅದಕ್ಕೆ ಬಂದು ಗುದ್ದುತ್ತವೆ. ಆಗ ಒಳಮುಖವಾಗಿ ಇನ್ನೊಂದು ಆಘಾತ ಹಿಂದಕ್ಕೆ ಸರಿಯುತ್ತಾ ಹೋಗುತ್ತದೆ. ಚಿತ್ರದ ಕೆಂಪು, ಹಳದಿ, ನೇರಳೆ ಎಳೆಗಳೆಲ್ಲ ಹೀಗೆ ಹಿಂದಕ್ಕೆ ಸರಿಯುವ ಆಘಾತ ಕಾಯಿಸಿದ ನಕ್ಷತ್ರದ ಒಡಲು. ಹೊರಗಿನ ನೀಲಿ ಅಂಚು ಮಾತ್ರ ಬೇರೆ ಜಾತಿ. ಅದರಲ್ಲಿ ಗೆರೆಗಳೇ ಇಲ್ಲ. ಆಘಾತದ ಬಳಿ ಬೆಳಕಿನ ವೇಗದ ಹತ್ತಿರಕ್ಕೆ ಓಡುವ ಎಲೆಕ್ಟ್ರಾನುಗಳು ಕಾಂತಕ್ಷೇತ್ರದಲ್ಲಿ ಸುತ್ತುತ್ತಾ ಬಿಡುವ ಕಿರಣ ಅದು. 1995ರಲ್ಲಿ ಜಪಾನಿನ ಆಸ್ಕಾ ಉಪಗ್ರಹ 1006ನೇ ಇಸವಿಯಲ್ಲಿ ಸಿಡಿದ ಸೂಪರ್‌ನೋವಾ ಅವಶೇಷದ ಅಂಚಿನಲ್ಲಿ ಇದನ್ನು ತೋರಿಸಿತು. ಹಾಗಾಗಿ ಕಾಣುವುದೆಲ್ಲ ಬಿಸಿ ಅನಿಲ ಅಲ್ಲ.

ಎಕ್ಸ್‌ಪೋಷರ್ ಕೇಳಿದ್ದಿರಿ. 2004ರಲ್ಲಿ ಚಂದ್ರ ಕ್ಯಾಸ್ ಎ ಕಡೆ ಒಟ್ಟು 10 ಲಕ್ಷ ಸೆಕೆಂಡ್ ನೋಡಿತು. ಹನ್ನೊಂದೂವರೆ ದಿನ! ಪೇಷಂಟಿಗೆ ಉಸಿರು ಹಿಡ್ಕೊಳ್ಳಿ ಅನ್ನುವ ಹಾಗಿಲ್ಲ. ನಮ್ಮ ಎಕ್ಸ್‌ಪೋಸ್ಯಾಟ್ ಉಪಗ್ರಹ 2024ರ ಜನವರಿ 1ರಂದು ಹಾರಿತಲ್ಲ, ಅದರ ಎಕ್ಸ್‌ಸ್ಪೆಕ್ಟ್ ಉಪಕರಣ ಮೊದಲು ಕಣ್ಣು ಬಿಟ್ಟಿದ್ದೂ ಕ್ಯಾಸ್ ಎ ಕಡೆಗೇ, ಜನವರಿ 5ರಂದು. 20,000 ಸೆಕೆಂಡಿನಲ್ಲಿ ಮೆಗ್ನೀಷಿಯಂ, ಸಿಲಿಕಾನ್, ಗಂಧಕ, ಆರ್ಗಾನ್, ಕ್ಯಾಲ್ಸಿಯಂ, ಕಬ್ಬಿಣ ಎಲ್ಲದರ ಗೆರೆ ಸಿಕ್ಕಿತು. ಅದು ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಮಾಡಿದ ಉಪಕರಣ. ಚಿತ್ರ ತೆಗೆಯಲ್ಲ, ಗೆರೆ ಮಾತ್ರ ಓದುತ್ತದೆ.


ಕೋಟೆ ಮೇಷ್ಟ್ರು

ಶಾಬಾಶ್ ಮಗಳೇ. ಟೈಕೋ ಹೆಸರು ಬಂದಿದ್ದಕ್ಕೆ ಒಂದು ಮಾತು. ಆ ನಕ್ಷತ್ರ ಸಿಡಿದದ್ದು ಜನರ ಕಣ್ಣಿಗೆ ಬಿದ್ದಿದ್ದು 1572ರ ನವೆಂಬರಿನಲ್ಲಿ. ಆಗ ನಮ್ಮ ದುರ್ಗದಲ್ಲಿ ಮತ್ತಿ ತಿಮ್ಮಣ್ಣನಾಯಕರ ಆಳ್ವಿಕೆ. ಹಗಲಲ್ಲೂ ಕಾಣುವಷ್ಟು ಹೊಳೆದಿತ್ತಂತೆ. ಅದೂ ಕ್ಯಾಸಿಯೋಪಿಯದಲ್ಲೇ ಇದೆ. ಕ್ಯಾಸ್ ಎ ಸಿಡಿದ ಬೆಳಕು ಬಂದದ್ದು 1680ರ ಆಸುಪಾಸು. ಆದರೆ ಅದನ್ನು ಕಂಡೆವು ಎನ್ನುವ ಗಟ್ಟಿ ದಾಖಲೆ ಎಲ್ಲೂ ಇಲ್ಲ. 11,000 ಜ್ಯೋತಿರ್ವರ್ಷ ದೂರ, ನಡುವೆ ದಟ್ಟ ಧೂಳು. ಕಣ್ಣಿನ ಬೆಳಕನ್ನು ಅದು ನುಂಗಿತು, ಎರಡು ಮೂರು ಕೆಇವಿ ಎಕ್ಸ್‌ರೇ ತೂರಿ ಬಂತು.

ನವೆಂಬರ್ ರಾತ್ರಿ ಜೋಗಿಮಟ್ಟಿಗೆ ಹೋದರೆ ಉತ್ತರಕ್ಕೆ ದಿಗಂತದಿಂದ ಅರ್ಧ ಎತ್ತರದಲ್ಲಿ ಕ್ಯಾಸಿಯೋಪಿಯದ ಐದು ನಕ್ಷತ್ರ ಚೆನ್ನಾಗಿ ಕಾಣುತ್ತವೆ. ಕ್ಯಾಸ್ ಎ ಮಾತ್ರ ಸಣ್ಣ ದೂರದರ್ಶಕಕ್ಕೆ ಸಿಗುವುದಿಲ್ಲ. ಅವಶೇಷವನ್ನೇ ನೋಡಬೇಕೆಂದರೆ ಡಿಸೆಂಬರಿನಲ್ಲಿ ವೃಷಭದ ಕೊಂಬಿನ ತುದಿಯ ಏಡಿ ನೀಹಾರಿಕೆ ನೋಡಿ. ಆದರೆ ಅದರ ಎಕ್ಸ್‌ರೇ ಬಿಸಿ ಅನಿಲದ್ದಲ್ಲ, ಒಳಗೆ ಸುತ್ತುವ ಪಲ್ಸರಿನ, ಅಂದರೆ ಸಿಡಿದು ಉಳಿದ ತಿರುಳಿನ, ಉಪದ್ವ್ಯಾಪ.


ಡಾರ್ಕ್‌ರೂಮ್ ದಾವಣಗೆರೆ

ತಂಗೀ, ಚಂದ್ರದ ಹಳೇ ಫೈಲುಗಳು ಪುಕ್ಕಟೆ ಸಿಗುತ್ತವೆ ಅಂತ ಎಲ್ಲೋ ಓದಿ, ಮನೆಯ ಲ್ಯಾಪ್‌ಟಾಪಿಗೆ ಡಿಎಸ್9 ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಹಾಕಿಕೊಂಡೆ. ಕ್ಯಾಸ್ ಎ ಫೈಲ್ ತೆಗೆದೆ. ನಮ್ಮ ಪ್ಯಾಕ್ಸ್ (ಎಕ್ಸ್‌ರೇ ಚಿತ್ರ ತೆರೆದು ನೋಡುವ ಸಾಫ್ಟ್‌ವೇರ್) ಥರ ಚಿತ್ರ ಬರುತ್ತದೆ ಅಂದುಕೊಂಡರೆ ಒಳಗಿರುವುದು ಪಟ್ಟಿ! ಒಂದೊಂದು ಸಾಲಿಗೆ ಒಂದೊಂದು ಫೋಟಾನ್. ಯಾವಾಗ ಬಿತ್ತು, ಎಲ್ಲಿ ಬಿತ್ತು, ಎಷ್ಟು ಶಕ್ತಿ. ಅಷ್ಟನ್ನೂ ಸಾಫ್ಟ್‌ವೇರ್ ಗುಡ್ಡೆ ಹಾಕಿ ಚಿತ್ರ ಮಾಡುತ್ತದೆ. ನಮ್ಮ ಪೇಷಂಟ್ ಒಬ್ಬರ ಎಕ್ಸ್‌ರೇ ಹೀಗೆ ಫೋಟಾನ್ ಲೆಕ್ಕದಲ್ಲಿ ಸಿಕ್ಕಿದ್ದರೆ ಡಾಕ್ಟರು ಏನೇನು ಕೇಳುತ್ತಿದ್ದರೋ.

ಶಕ್ತಿಯ ಜಾಗದಲ್ಲಿ 1750ರಿಂದ 1950 ಎಲೆಕ್ಟ್ರಾನ್ ವೋಲ್ಟ್ ಅಂತ ಹಾಕಿದೆ. ಸಿಲಿಕಾನ್ ಬಂತು. ಒಡೆದ ಬಳೆಯ ಥರ ಒಂದು ಸುತ್ತು, ಮೇಲೆ ಎಡಕ್ಕೆ ಚಿಮ್ಮಿದ ಒಂದು ಬಾಲ. ಆಮೇಲೆ 6400ರಿಂದ 6900 ಹಾಕಿದೆ. ಚಿತ್ರ ಮಸುಕಾಯಿತು, ಕಡಿಮೆ ಎಂಎಎಸ್ (ಕಿರಣದ ಪ್ರಮಾಣ) ಕೊಟ್ಟ ಫಿಲ್ಮಿನಂತೆ ಚುಕ್ಕಿ ಚುಕ್ಕಿ. ಆದರೂ ಕಬ್ಬಿಣ ಎಲ್ಲಿದೆ ಅಂತ ಕಾಣುತ್ತದೆ. ಎರಡನ್ನೂ ಪಕ್ಕ ಪಕ್ಕ ಇಟ್ಟು ಲಾಕ್ ಮಾಡಿ ನೋಡಿದೆ.

ಇಲ್ಲೇ ಎರಡು ಪ್ರಶ್ನೆ. ಕೆಳಗೆ ಎಡಭಾಗದಲ್ಲಿ, ಅಂದರೆ ಆಗ್ನೇಯಕ್ಕೆ, ಕಬ್ಬಿಣ ಸಿಲಿಕಾನ್ ಸುತ್ತಿಗಿಂತ ಹೊರಗಿದೆ. (ಪೇಷಂಟಿನ ಬಲಗೈ ಫಿಲ್ಮಿನಲ್ಲಿ ನಮ್ಮ ಎಡಕ್ಕೆ ಬರುವ ಹಾಗೆ ಆಕಾಶದ ಚಿತ್ರದಲ್ಲಿ ಪೂರ್ವ ಎಡಕ್ಕೆ ಇರುತ್ತದೆ, ಅದು ನನಗೆ ಒಗ್ಗಿದ್ದೇ.) ನಕ್ಷತ್ರದ ನಟ್ಟನಡುವೆ ಹುಟ್ಟುವುದು ಕಬ್ಬಿಣ, ಅದರ ಮೇಲೆ ಸಿಲಿಕಾನ್ ಪದರ ಅಂತ ಮಗಳ ಪುಸ್ತಕದಲ್ಲಿದೆ. ಒಳಗಿನದು ಹೊರಗೆ ಹೇಗೆ ಬಂತು? ಇನ್ನೊಂದು, ಸುಮಾರು ನಡುವಿಗೆ ಒಂದು ಚೂಪಾದ ಬಿಳಿ ಚುಕ್ಕಿ ಇದೆ. ನಮ್ಮಲ್ಲಿ ಹಾಗೆ ಕಂಡರೆ ಪ್ಲೇಟಿನ ಮೇಲೆ ಧೂಳು, ಆರ್ಟಿಫ್ಯಾಕ್ಟ್ ಅಂತ ಒರೆಸಿ ಮತ್ತೆ ತೆಗೆಯುತ್ತೇವೆ. ಇದು ಏನು?


ಚಳ್ಳಕೆರೆ ಹುಡುಗಿ

ಒರೆಸಬೇಡಿ ಅಣ್ಣಾ! ಅದು ನ್ಯೂಟ್ರಾನ್ ನಕ್ಷತ್ರ, ಸಿಡಿದು ಉಳಿದ ಗಟ್ಟಿ ತಿರುಳು. 1999ರ ಆಗಸ್ಟಿನಲ್ಲಿ ಚಂದ್ರದಿಂದ ಅಧಿಕೃತವಾಗಿ ಹೊರಬಂದ ಮೊದಲ ಚಿತ್ರವೇ ಕ್ಯಾಸ್ ಎ. ಅದರಲ್ಲೇ ಈ ಚುಕ್ಕಿ ಮೊದಲ ಸಲ ಕಂಡಿದ್ದು. ಅದಕ್ಕೆ ಮುಂಚಿನ ಉಪಗ್ರಹಗಳ ಚಿತ್ರ ಮಸುಕು, ಸುತ್ತಲಿನ ಅನಿಲದಲ್ಲಿ ಚುಕ್ಕಿ ಕರಗಿಹೋಗಿತ್ತು.

ಕಬ್ಬಿಣ ಹೊರಗಿರುವುದನ್ನು 2000ನೇ ಇಸವಿಯಲ್ಲಿ ಚಂದ್ರದ ಮಾಹಿತಿಯಿಂದಲೇ ಮೊದಲು ಗುರುತಿಸಿದರು. ನೀವು ಮನೆಯಲ್ಲಿ ಕೂತು ಅದನ್ನೇ ಕಂಡಿರಿ. ನಕ್ಷತ್ರ ಈರುಳ್ಳಿ ಪದರದಂತೆ ನೀಟಾಗಿ ಬಿಚ್ಚಿಕೊಳ್ಳುತ್ತದೆ ಅನ್ನುವುದು ಪುಸ್ತಕದ ಚಿತ್ರ. ನಿಜದಲ್ಲಿ ಸ್ಫೋಟದ ಮೊದಲ ಗಳಿಗೆಗಳಲ್ಲೇ ಒಳಗಿನ ಬಿಸಿ ವಸ್ತು ಕುದಿದು ಗುಳ್ಳೆ ಗುಳ್ಳೆಯಾಗಿ ಮೇಲಿನ ಪದರ ಸೀಳಿ ನುಗ್ಗುತ್ತದೆ. ಎಲ್ಲಾ ದಿಕ್ಕಿಗೂ ಒಂದೇ ಸಮ ನುಗ್ಗಲ್ಲ. ಆಗ್ನೇಯದ ಕಡೆ ಜಾಸ್ತಿ ನುಗ್ಗಿದ್ದು ನಿಮ್ಮ ಪರದೆ ಮೇಲಿದೆ.

ಆದರೆ ಇಲ್ಲಿ ಒಂದು ಎಚ್ಚರ ಬೇಕು. ನೀವು ನೋಡುತ್ತಿರುವುದು ಕಬ್ಬಿಣ ಎಲ್ಲೆಲ್ಲಿ ಇದೆ ಅನ್ನುವ ನಕ್ಷೆ ಅಲ್ಲ. ಯಾವ ಕಬ್ಬಿಣಕ್ಕೆ ಆಘಾತ ತಗುಲಿ ಕಾಯ್ದಿದೆ ಅನ್ನುವ ನಕ್ಷೆ. ಹಿಂದಕ್ಕೆ ಸರಿಯುವ ಆಘಾತ ಇನ್ನೂ ನಡುವಿಗೆ ತಲುಪಿಲ್ಲ. ಅಲ್ಲಿ ತಣ್ಣಗೆ ಓಡುತ್ತಿರುವ ಕಬ್ಬಿಣ ಎಷ್ಟೇ ಇದ್ದರೂ ಚಂದ್ರಕ್ಕೆ ಕಾಣಲ್ಲ. ಟ್ಯೂಬಿಗೆ ಕೆ.ವಿ. ಕೊಡದೆ ಫಿಲ್ಮ್ ಇಟ್ಟ ಹಾಗೆ.

ಹಾಗಾದರೆ ತಣ್ಣಗಿನದನ್ನು ನೋಡುವುದು ಹೇಗೆ? ಇದು ನಿಮಗೆ ಇಷ್ಟ ಆಗುತ್ತದೆ, ಯಾಕಂದರೆ ಇಲ್ಲಿ ನಿಮ್ಮ ರೂಮಿನ ಕೆ.ವಿ. ಬರುತ್ತದೆ. ಕಬ್ಬಿಣ ಹುಟ್ಟುವ ಜಾಗದಲ್ಲೇ ಟೈಟಾನಿಯಂ-44 ಕೂಡ ಹುಟ್ಟುತ್ತದೆ. ಅದು ವಿಕಿರಣಶೀಲ, ಅರ್ಧಾಯುಷ್ಯ ಸುಮಾರು 60 ವರ್ಷ, ಕ್ಯಾಸ್ ಎಯಲ್ಲಿ ಇನ್ನೂ ಸ್ವಲ್ಪ ಉಳಿದಿದೆ. ಒಡೆಯುವಾಗ 68 ಮತ್ತು 78 ಕೆಇವಿಯಲ್ಲಿ ಎರಡು ಗೆರೆ ಬಿಡುತ್ತದೆ. ಅದಕ್ಕೆ ಬಿಸಿ ಬೇಡ, ಡಿಕ್ಕಿ ಬೇಡ, ತನ್ನಷ್ಟಕ್ಕೆ ಬಿಡುತ್ತದೆ. 2012ರಲ್ಲಿ ಹಾರಿದ ನೂಸ್ಟಾರ್ ಎಕ್ಸ್‌ರೇ ದೂರದರ್ಶಕ ಈ ಗೆರೆಗಳಲ್ಲಿ ಕ್ಯಾಸ್ ಎ ನಕ್ಷೆ ತೆಗೆಯಿತು, 2014ರಲ್ಲಿ ಪ್ರಕಟವಾಯಿತು. ಟೈಟಾನಿಯಂ ಬಹುಪಾಲು ಒಳಗಡೆ, ಆಘಾತ ತಲುಪದ ಜಾಗದಲ್ಲಿ ಗಡ್ಡೆಗಡ್ಡೆಯಾಗಿ ಸಿಕ್ಕಿತು. ಚಂದ್ರ ತೋರಿಸಿದ ಕಬ್ಬಿಣದ ಜಾಗಕ್ಕೂ ಅದಕ್ಕೂ ತಾಳೆ ಆಗಲಿಲ್ಲ. ಆ ಟೈಟಾನಿಯಂ ಕೊನೆಗೆ ಕ್ಯಾಲ್ಸಿಯಂ ಆಗುತ್ತದೆ ಅನ್ನುವುದನ್ನು ಮೂಳೆ ನೋಡುವವರಿಗೆ ಹೇಳದೆ ಇರೋಕೆ ಆಗಲ್ಲ.

ಸಿಸಿಡಿಗಿಂತ ಚೂಪಾಗಿ ಗೆರೆ ಓದುವ ಕಾಲವೂ ಬಂದಿದೆ. 2023ರ ಸೆಪ್ಟೆಂಬರಿನಲ್ಲಿ ಹಾರಿದ ಜಪಾನಿನ ಕ್ರಿಸ್ಮ್ ಉಪಗ್ರಹದ ಒಳಗಿನ ಡಿಟೆಕ್ಟರನ್ನು ಅತಿ ಕನಿಷ್ಠ ಉಷ್ಣತೆಯಾದ ಸೊನ್ನೆ ಕೆಲ್ವಿನ್‌ಗಿಂತ ಒಂದು ಡಿಗ್ರಿಯ ಇಪ್ಪತ್ತನೇ ಒಂದು ಭಾಗದಷ್ಟೇ ಮೇಲೆ ಇಟ್ಟಿರುತ್ತಾರೆ. ಒಂದೊಂದು ಫೋಟಾನ್ ಬಿದ್ದಾಗ ಅದು ಎಷ್ಟು ಬೆಚ್ಚಗಾಯಿತು ಅಂತ ಅಳೆಯುತ್ತದೆ. ಸಿಸಿಡಿ ನೂರಕ್ಕೂ ಹೆಚ್ಚು ಎಲೆಕ್ಟ್ರಾನ್ ವೋಲ್ಟ್ ಅಗಲದಲ್ಲಿ ಕಲಸಿಬಿಡುವ ಗೆರೆಯನ್ನು ಇದು ಐದರಲ್ಲಿ ಬಿಡಿಸುತ್ತದೆ. ಪಕ್ಕದ ಗ್ಯಾಲಕ್ಸಿಯ ಎನ್132ಡಿ ಅವಶೇಷದಲ್ಲಿ ಕಬ್ಬಿಣದ ಗೆರೆ ಎಷ್ಟು ಅಗಲಕ್ಕೆ ಹರಡಿದೆ ಅಂತ ನೋಡಿದರು. ಆ ಕಬ್ಬಿಣದ ಅಯಾನುಗಳ ಬಿಸಿ ಸುಮಾರು 1000 ಕೋಟಿ ಡಿಗ್ರಿ ಅಂತ ಬಂತು. ಮೇಷ್ಟ್ರು ಭಾರದ ಅಯಾನುಗಳು ಮೊದಲು ಕಾಯುತ್ತವೆ ಅಂದರಲ್ಲ, ಅದು ಅಳತೆಗೆ ಸಿಕ್ಕಿದ್ದು ಹೀಗೆ.

ಮುಂದೆ ಟೈಕೋ ಫೈಲ್ ತೆಗೆಯಿರಿ. ಮೊದಲು 4100ರಿಂದ 6100 ಹಾಕಿ. ಅಲ್ಲಿ ದೊಡ್ಡ ಗೆರೆ ಯಾವುದೂ ಇಲ್ಲ, ನೂಲಿನಂಥ ಹೊರ ಅಂಚು ಎದ್ದು ಕಾಣುತ್ತದೆ. ಆಮೇಲೆ ಸಿಲಿಕಾನ್ ಹಾಕಿ, ಕೊನೆಗೆ ಕಬ್ಬಿಣ. ಅಲ್ಲಿ ಕಬ್ಬಿಣದ ಸುತ್ತು ಬಹುಪಾಲು ಸಿಲಿಕಾನ್ ಸುತ್ತಿಗಿಂತ ಒಳಗೇ ಕೂತಿರುತ್ತದೆ. ಅದು ಬೇರೆ ಥರದ ಸ್ಫೋಟ, ಶ್ವೇತಕುಬ್ಜ, ಅಂದರೆ ಇಂಧನ ಮುಗಿದ ಸಣ್ಣ ದಟ್ಟ ನಕ್ಷತ್ರ, ಸಿಡಿದದ್ದು. ಫೈಲ್ ದೊಡ್ಡದು, ಲ್ಯಾಪ್‌ಟಾಪ್ ನಿಂತುಹೋದರೆ ಮೊದಲು ಸಣ್ಣ ಎಕ್ಸ್‌ಪೋಷರಿನ ಫೈಲಿನಲ್ಲಿ ಪ್ರಯತ್ನ ಮಾಡಿ. ಸಿಕ್ಕಿಕೊಂಡರೆ ಇಲ್ಲೇ ಹಾಕಿ, ನೋಡೋಣ.